ಟೀಕೆಯ ಮೊದಲ ಅರ್ಥ

ವಿರೋಧ ಪಕ್ಷದವರು ಸರ್ಕಾರವನ್ನು ಟೀಕಿಸಿದರು ಎಂದು ಪತ್ರಿಕೆಯಲ್ಲಿ ಬಂದರೆ, ತಪ್ಪು ಎತ್ತಿ ಆಡಿದರು ಎಂದೇ ನಾವು ತಿಳಿಯುತ್ತೇವೆ. ಆದರೆ 14ನೇ ಶತಮಾನದ ಜಯತೀರ್ಥರನ್ನು ಮಾಧ್ವರು ಇಂದಿಗೂ ಕೈಮುಗಿದು ‘ಟೀಕಾಚಾರ್ಯರು’ ಎನ್ನುತ್ತಾರೆ. ಮಧ್ವಾಚಾರ್ಯರ ಗ್ರಂಥಗಳಿಗೆ ಅವರು ಬರೆದ ವಿವರಣೆಗಳಿಗೆ ಸಂದ ಗೌರವ ಅದು.

ಸಂಸ್ಕೃತದಲ್ಲಿ ‘ಟೀಕ್’ ಧಾತುವಿಗೆ ಹೋಗು ಎಂಬ ಅರ್ಥವಿದೆ. ಯಾವುದನ್ನು ಹಿಡಿದು ಗ್ರಂಥದ ತಾತ್ಪರ್ಯವನ್ನು ಮುಟ್ಟುತ್ತೇವೋ ಅದೇ ಟೀಕೆ ಎಂದು ಪಂಡಿತರು ಬಿಡಿಸಿ ಹೇಳುತ್ತಾರೆ.

ಇದರ ಅಗತ್ಯವೇನು? ಬ್ರಹ್ಮಸೂತ್ರದ ಮೊದಲ ಸೂತ್ರವನ್ನೇ ನೋಡಿ. ಇರುವುದು ಮೂರೇ ಪದ, ಅದರಲ್ಲಿ ಮೊದಲನೆಯದು ‘ಅಥ’, ಅಂದರೆ ಆಮೇಲೆ. ಯಾವುದರ ಆಮೇಲೆ? ವಿವೇಕ, ವೈರಾಗ್ಯ ಮೊದಲಾದ ನಾಲ್ಕು ಸಾಧನೆಗಳಾದ ಮೇಲೆ ಎಂದರು ಶಂಕರರು. ಕರ್ಮದ ವಿಚಾರ ಮುಗಿದ ಮೇಲೆ ಎಂದರು ರಾಮಾನುಜರು. ಅದು ಮಂಗಳವಾಚಕವೂ ಹೌದು, ಅಧಿಕಾರ ಪಡೆದ ಮೇಲೆ ಎಂಬುದನ್ನೂ ಹೇಳುತ್ತದೆ ಎಂದರು ಮಧ್ವರು. ಎರಡಕ್ಷರದ ಪದದಲ್ಲೇ ದಾರಿ ಮೂರಾಯಿತು! ಸೂತ್ರಕ್ಕೆ ಮಧ್ವರು ಬರೆದ ಭಾಷ್ಯಕ್ಕೂ ವಿವರಣೆ ಬೇಕಾಗಿ ಜಯತೀರ್ಥರು ‘ತತ್ತ್ವಪ್ರಕಾಶಿಕಾ’ ಎಂಬ ಟೀಕೆ ಬರೆದರು, ಅದಕ್ಕೆ ವ್ಯಾಸತೀರ್ಥರು ‘ತಾತ್ಪರ್ಯಚಂದ್ರಿಕಾ’ ಬರೆದರು, ಅದಕ್ಕೂ ರಾಘವೇಂದ್ರ ತೀರ್ಥರು ವ್ಯಾಖ್ಯಾನ ಬರೆದರು.

ಟೀಕೆ ಸಂಸ್ಕೃತದ ಸೊತ್ತು ಮಾತ್ರವಲ್ಲ. ಪ್ರಾಕೃತದ ಜೈನ ಗ್ರಂಥ ಗೊಮ್ಮಟಸಾರಕ್ಕೆ ಕೇಶವವರ್ಣಿ 1359ರಲ್ಲಿ ಕನ್ನಡ ವೃತ್ತಿ, ಅಂದರೆ ವಿವರಣೆ, ಬರೆದ. 15ನೇ ಶತಮಾನದಲ್ಲಿ ಮಹಲಿಂಗದೇವ ಅಲ್ಲಮನ ವಚನಗಳಿಗೆ ಕನ್ನಡದಲ್ಲೇ ಟೀಕೆ ಬರೆದ. ಒಗಟಿನಂತಿರುವ ಬೆಡಗಿನ ವಚನಗಳ ಬೀಗ ತೆಗೆಯಲು ಇಂಥ ಟೀಕೆಗಳೇ ಬೇಕು.

ಪದ ಬಿಡಿಸುವುದು, ಅರ್ಥ ಹೇಳುವುದು, ಸಮಾಸ ಒಡೆಯುವುದು, ಅನ್ವಯಿಸುವುದು, ಆಕ್ಷೇಪ ಎತ್ತಿ ಸಮಾಧಾನ ಹೇಳುವುದು: ವ್ಯಾಖ್ಯಾನಕಾರನಿಗೆ ಹಿರಿಯರು ಇಟ್ಟ ಐದು ಕೆಲಸಗಳಿವು. ನನಗನ್ನಿಸುವಂತೆ ಇಂದಿನ ಬಳಕೆ ಆಕ್ಷೇಪವನ್ನಷ್ಟೇ ಇಟ್ಟುಕೊಂಡು ಉಳಿದದ್ದನ್ನೆಲ್ಲ ಕೈಬಿಟ್ಟಿದೆ. ಮಾತಿನ ಅರ್ಥ ಬದಲಾಗುವುದು ಸಹಜ, ಅದಕ್ಕೆ ತಕರಾರಿಲ್ಲ. ಮೂಲವನ್ನು ಪೂರ್ತಿ ಓದದೆ ಆಕ್ಷೇಪಕ್ಕಿಳಿಯುವ ಚಾಳಿ ಮಾತ್ರ ಸಂಕಟದ್ದು.

ಮೂಲವನ್ನು ಓದುವುದು ಈಗ ಕಷ್ಟವೂ ಅಲ್ಲ.  ತರಳಬಾಳು ಮಠದ ಸಿರಿಗೆರೆ ಶ್ರೀಗಳು ವಚನಗಳನ್ನು ಮೊಬೈಲಿನಲ್ಲಿ ಹುಡುಕಿ ಓದುವ ವ್ಯವಸ್ಥೆ ಮಾಡಿಸಿದರು. ಯಲಹಂಕದ ಬಸ್ಸಿನಲ್ಲಿ ಕುಳಿತೇ ಅಲ್ಲಮನನ್ನು ಓದಬಹುದಾದ ಕಾಲವಿದು. ಓದಿದ್ದು ಬಿಡಿಸಲಾರದ ಒಗಟೆನಿಸಿದರೆ ಅಲ್ಲಿಗೇ ಬಿಡಬೇಡಿ; ಗ್ರಂಥಾಲಯಕ್ಕೆ ಹೋಗಿ ಸಟೀಕ ಆವೃತ್ತಿಯನ್ನು ಕೇಳಿ ತರಿಸಿಕೊಳ್ಳಿ.