ಸರ್ವರ್ ಹೊಸತು, ದಾಖಲೆ ಹಳೆಯದು: ಕಾವೇರಿ 2.0 ಎತ್ತಿರುವ ಪ್ರಶ್ನೆ

ಅರಸೀಕೆರೆ: ಆಸ್ತಿ ನೋಂದಣಿಗೆಂದು ಉಪನೋಂದಣಾಧಿಕಾರಿ ಕಚೇರಿಗೆ ಹೋದವರಿಗೆ ‘ಸರ್ವರ್ ಇಲ್ಲ’ ಎಂಬ ಉತ್ತರ ಹೊಸದಲ್ಲ. 2025ರ ಜನವರಿಯಲ್ಲಿ ಕಾವೇರಿ 2.0 ತಂತ್ರಾಂಶದ ಮೇಲೆ ಸೈಬರ್ ದಾಳಿ ನಡೆದು, ಫೆಬ್ರುವರಿಯ ಮೊದಲ ದಿನಗಳಲ್ಲಿ ರಾಜ್ಯದಾದ್ಯಂತ ನೋಂದಣಿ ಬಹುತೇಕ ಸ್ಥಗಿತಗೊಂಡಾಗ ಅದು ದೊಡ್ಡ ಸುದ್ದಿಯಾಯಿತು. ಆದರೆ ಸರ್ವರ್ ನಿಂತುಹೋದರೆ ಎಲ್ಲರಿಗೂ ಗೊತ್ತಾಗುತ್ತದೆ. ಸರ್ವರ್ ಓಡುತ್ತಲೇ ಇದ್ದು ತಪ್ಪು ಉತ್ತರ ಕೊಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಆತಂಕಪಡಬೇಕಾದದ್ದು ಈ ಎರಡನೆಯದರ ಬಗ್ಗೆ.

ಮುದ್ರಾಂಕ ಮತ್ತು ನೋಂದಣಿ ಇಲಾಖೆಯು ಮೊದಲ ಕಾವೇರಿ ತಂತ್ರಾಂಶವನ್ನು ಜಾರಿಗೆ ತಂದದ್ದು ಎರಡು ದಶಕಗಳ ಹಿಂದೆ. 2004ರ ಏಪ್ರಿಲ್‌ನಿಂದ ಈಚಿನ ವ್ಯವಹಾರಗಳು ಗಣಕದಲ್ಲಿ ಲಭ್ಯ. ಅದಕ್ಕೂ ಹಿಂದಿನವು ಕಚೇರಿಯ ಸೂಚಿ ಪುಸ್ತಕಗಳಲ್ಲಿವೆ. 2023ರಲ್ಲಿ ಹಂತಹಂತವಾಗಿ ಎಲ್ಲ ಕಚೇರಿಗಳಿಗೂ ಕಾವೇರಿ 2.0 ಬಂತು. ಅರಸೀಕೆರೆ, ಬೇಲೂರು ಕಚೇರಿಗಳೂ ಇದಕ್ಕೆ ಹೊರತಲ್ಲ. 2024ರ ಸೆಪ್ಟೆಂಬರ್ 2ರಿಂದ ಜಿಲ್ಲೆಯೊಳಗಿನ ಯಾವುದೇ ಕಚೇರಿಯಲ್ಲಿ ನೋಂದಣಿ ಮಾಡಿಸುವ ಅವಕಾಶವೂ ದೊರೆಯಿತು. ಹಳೇಬೀಡು ಹೋಬಳಿಯ ಜಮೀನಿನ ಕ್ರಯಪತ್ರವನ್ನು ಅರಸೀಕೆರೆಯಲ್ಲಿಯೂ ನೋಂದಾಯಿಸಬಹುದು. ಇದು ನಿಜಕ್ಕೂ ಅನುಕೂಲವೇ.

ಬದಲಾವಣೆ ಅನಿವಾರ್ಯವೂ ಆಗಿತ್ತು. ದತ್ತಸಂಚಯದ ತಂತ್ರಾಂಶಗಳಿಗೂ ಆಯುಷ್ಯವಿದೆ. ಮೈಕ್ರೋಸಾಫ್ಟ್ ಸಂಸ್ಥೆ ತನ್ನ ಎಸ್‌ಕ್ಯೂಎಲ್ ಸರ್ವರ್ 2008ಕ್ಕೆ ಬೆಂಬಲವನ್ನು 2019ರ ಜುಲೈನಲ್ಲಿ ನಿಲ್ಲಿಸಿತು. ಬೆಂಬಲ ನಿಂತ ಮೇಲೆ ಭದ್ರತಾ ಲೋಪಗಳಿಗೆ ತೇಪೆ ಹಾಕುವವರಿರುವುದಿಲ್ಲ. ಆದ್ದರಿಂದ ಹೊಸ ಆವೃತ್ತಿಗೆ, ಹೊಸ ಯಂತ್ರಕ್ಕೆ ದಾಖಲೆ ಸಾಗಿಸಲೇಬೇಕು.

ಸಾಗಿಸುವುದೆಂದರೆ ಕಡತದ ಕಟ್ಟನ್ನು ಒಂದು ಬೀರುವಿನಿಂದ ಇನ್ನೊಂದಕ್ಕೆ ಇಡುವಂಥ ಕೆಲಸವಲ್ಲ. ಹಳೆಯ ವ್ಯವಸ್ಥೆಯ ಪ್ರತಿಯೊಂದು ಕಲಮಿಗೂ ಹೊಸದರಲ್ಲಿ ಸರಿಯಾದ ಸ್ಥಾನ ಗೊತ್ತುಮಾಡಬೇಕು. ಊರಿನ ಹೆಸರನ್ನೇ ನೋಡಿ. ಅರಸೀಕೆರೆ, ಅರಸಿಕೆರೆ, ಹಳೇಬೀಡು, ಹಳೆಬೀಡು. ಓದುಗರಿಗೆ ಇವು ಒಂದೇ ಊರು, ಗಣಕಕ್ಕೆ ಬೇರೆ ಬೇರೆ. ಇನ್ನೂ ಸೂಕ್ಷ್ಮವಾದದ್ದೆಂದರೆ, ಯೂನಿಕೋಡ್‌ನಲ್ಲಿ ‘ಓ’ಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿ ಸಂಕೇತಗಳನ್ನು ಜೋಡಿಸಿಯೂ ಬರೆಯಬಹುದು. ಪರದೆಯ ಮೇಲೆ ಕಣ್ಣಿಗೆ ವ್ಯತ್ಯಾಸವೇ ಕಾಣದು. ಹುಡುಕಿದರೆ ಮಾತ್ರ ಸಿಗದು. ಹಳೆಯ ಅಕ್ಷರಶೈಲಿಯ ಸಂಕೇತಗಳಲ್ಲಿ ಬೆರಳಚ್ಚಾದ ಕನ್ನಡವನ್ನು ಯೂನಿಕೋಡ್‌ಗೆ ಪರಿವರ್ತಿಸುವಾಗ ಒತ್ತಕ್ಷರ, ಅರ್ಕಾವತ್ತುಗಳು ಕೆಡುವುದನ್ನು ಪತ್ರಿಕಾ ಕಚೇರಿಗಳಲ್ಲಿ ಕೆಲಸ ಮಾಡಿದವರೆಲ್ಲ ಬಲ್ಲರು.

ಸರ್ವೆ ನಂಬರಿನ ಕಥೆ ಇದಕ್ಕಿಂತ ಗಂಭೀರ. ಜಮೀನೊಂದನ್ನು 2006ರಲ್ಲಿ 45/2 ಎಂಬ ನಂಬರಿನಡಿ ಬ್ಯಾಂಕಿಗೆ ಅಡಮಾನ ಮಾಡಲಾಗಿತ್ತು ಎಂದಿಟ್ಟುಕೊಳ್ಳೋಣ. ಮುಂದೆ ಪೋಡಿಯಾಗಿ ಅದಕ್ಕೆ ಹೊಸ ಹಿಸ್ಸಾ ನಂಬರು ಬಂತು. ಕೊಳ್ಳುವವನು ಹೊಸ ನಂಬರಿಗೆ ಮಾತ್ರ ಋಣಭಾರ ಪ್ರಮಾಣಪತ್ರ ಕೇಳುತ್ತಾನೆ. ಹಳೆಯ ದಾಖಲೆ ಹೊಸ ನಂಬರಿಗೆ ಜೋಡಣೆಯಾಗಿರದಿದ್ದರೆ ಅವನಿಗೆ ಸಿಗುವುದು ನಮೂನೆ 16, ಅಂದರೆ ಋಣಭಾರವಿಲ್ಲವೆಂಬ ಪತ್ರ. ಅಡಮಾನ ಇದೆಯೆಂದು ಹೇಳಬೇಕಿದ್ದ ನಮೂನೆ 15 ಬರುವುದೇ ಇಲ್ಲ. ಸಾಲ ಮಾಡಿ ಜಮೀನು ಕೊಂಡವನಿಗೆ ಸತ್ಯ ತಿಳಿಯುವುದು ಬ್ಯಾಂಕಿನ ನೋಟಿಸು ಬಂದಾಗ.

ಇಂಥ ಪ್ರಮಾದ ತಡೆಯುವ ಕ್ರಮಗಳು ತಂತ್ರಜ್ಞರಿಗೆ ತಿಳಿಯದವೇನಲ್ಲ. ಸಾಗಿಸುವ ಮೊದಲು ಹಳೆಯದನ್ನು ತಿದ್ದಲಾಗದಂತೆ ಬೀಗ ಹಾಕುವುದು, ಎರಡೂ ಕಡೆಯ ದಾಖಲೆಗಳ ಸಂಖ್ಯೆಯನ್ನು ತಾಳೆ ನೋಡುವುದು, ಕೆಲಕಾಲ ಎರಡನ್ನೂ ಜೊತೆಯಲ್ಲಿ ನಡೆಸುವುದು. ಆದರೆ ಸಂಖ್ಯೆ ತಾಳೆಯಾದರೆ ಅರ್ಥ ತಾಳೆಯಾಯಿತೆಂದಲ್ಲ. ಒಂದು ಲಕ್ಷ ದಾಖಲೆ ಹೋಗಿ ಒಂದು ಲಕ್ಷವೇ ತಲುಪಿದರೂ ಚಕ್ಕುಬಂದಿ ಅದಲುಬದಲಾಗಿರಬಹುದು. ಅದನ್ನು ಪತ್ತೆ ಮಾಡಬಲ್ಲವರು ಬೆಂಗಳೂರಿನ ತಂತ್ರಜ್ಞರಲ್ಲ. ಆ ಊರಿನ ಸರ್ವೆ ನಂಬರುಗಳನ್ನು ಬಲ್ಲ ಕಚೇರಿ ಸಿಬ್ಬಂದಿ. ಅವರಿಗೆ ನಿತ್ಯದ ನೋಂದಣಿಯಿಂದ ಬಿಡುವು ಕೊಟ್ಟು ಈ ಕೆಲಸ ಹಚ್ಚದಿದ್ದರೆ ತಪಾಸಣೆ ಕಾಗದದ ಮೇಲೆಯೇ ಉಳಿಯುತ್ತದೆ.

ಈ ಸೀಮೆಗೆ ಭೂದಾಖಲೆಯ ಸ್ಥಳಾಂತರ ಅಪರಿಚಿತವೇನಲ್ಲ. ಹೊಯ್ಸಳರ ಕಾಲದ ಭೂದಾನಗಳು ಗಡಿಯ ವಿವರ ಸಮೇತ ಇಲ್ಲಿ ಕಲ್ಲಿನಲ್ಲಿವೆ. ಬಿ.ಎಲ್. ರೈಸ್ ಹಾಸನ ಜಿಲ್ಲೆಯ ಶಾಸನಗಳ ಸಂಪುಟವನ್ನು 1902ರಲ್ಲಿ ಪ್ರಕಟಿಸಿದರು. ಮೈಸೂರು ವಿಶ್ವವಿದ್ಯಾನಿಲಯವು ಬೇಲೂರು ತಾಲ್ಲೂಕಿನ ಪರಿಷ್ಕೃತ ಸಂಪುಟವನ್ನು 1990ರಲ್ಲಿ, ಅರಸೀಕೆರೆಯದನ್ನು 1997ರಲ್ಲಿ ಹೊರತಂದಿತು. ಮೂಲ ಕಲ್ಲು ಉಳಿದಿದ್ದರಿಂದ ಪಾಠವನ್ನು ಮತ್ತೆ ಪರಿಶೀಲಿಸುವುದು ಸಾಧ್ಯವಾಯಿತು. ಹಳೆಯ ಸರ್ವರಿನ ದತ್ತಾಂಶವನ್ನೂ ಅಷ್ಟೇ ಜೋಪಾನವಾಗಿ, ಓದಲು ಬರುವ ಸ್ಥಿತಿಯಲ್ಲಿ ಇಡಲಾಗಿದೆಯೇ, ಎಷ್ಟು ವರ್ಷ ಇಡಲಾಗುವುದು ಎಂಬುದನ್ನು ಇಲಾಖೆ ಬಹಿರಂಗವಾಗಿ ತಿಳಿಸಬೇಕು.

ಅಲ್ಲಿಯವರೆಗೆ ಜಮೀನು ಕೊಳ್ಳುವವರು ಹಳೆಯ ಮತ್ತು ಹೊಸ, ಎರಡೂ ಸರ್ವೆ ನಂಬರುಗಳಿಗೆ ಋಣಭಾರ ಪ್ರಮಾಣಪತ್ರ ಪಡೆದು, ಪಹಣಿ ಮತ್ತು ಮ್ಯುಟೇಶನ್ ಪ್ರತಿಗಳೊಡನೆ ತಾಳೆ ನೋಡುವುದು ಕ್ಷೇಮ. 2004ಕ್ಕೆ ಹಿಂದಿನ ಅವಧಿಗೆ ಕಚೇರಿಯಲ್ಲಿ ಪ್ರತ್ಯೇಕ ಶೋಧನೆಗೆ ಅರ್ಜಿ ಹಾಕಬೇಕಾಗುತ್ತದೆ.