ಅಡ್ಡಹೆಸರು ಅಳಿದರೂ ಉಳಿಯುವ ಎಳೆ

ವಂಶಾವಳಿಯನ್ನು ಬರೆಯಹೊರಟವರು ಸಾಮಾನ್ಯವಾಗಿ ತಂದೆ, ಅಜ್ಜ, ಮುತ್ತಜ್ಜ ಎಂದು ಗಂಡುಸಂತತಿಯ ಜಾಡನ್ನೇ ಹಿಡಿಯುತ್ತಾರೆ. ಅಡ್ಡಹೆಸರನ್ನೇ ಕೈದೀವಿಗೆಯೆಂದು ನಂಬುತ್ತಾರೆ. ಆ ಅಡ್ಡಹೆಸರೇ ನಡುದಾರಿಯಲ್ಲಿ ಬದಲಾಗಿದ್ದರೆ ಗತಿಯೇನು? ಕೆನಡಾ ದೇಶದ ಕ್ವಿಬೆಕ್ ಪ್ರಾಂತದ ಫ್ರೆಂಚ್ ಮನೆತನಗಳ ಇತಿಹಾಸವು ಈ ಪ್ರಶ್ನೆಗೆ ಉತ್ತರ ನೀಡುತ್ತದೆ. ಗೃಹಸ್ಥರಾದ ವಾಚಕರು ತಿಳಿಯತಕ್ಕ ಸಂಗತಿಯೆಂದು ಬಗೆದು ಅದನ್ನಿಲ್ಲಿ ವಿವೇಚಿಸುತ್ತೇವೆ.

ಶಾಂಪ್ಲೇನನು ಕ್ವಿಬೆಕ್ ನಗರವನ್ನು ಸ್ಥಾಪಿಸಿದ್ದು 1608ರಲ್ಲಿ. ಫ್ರಾನ್ಸಿನಿಂದ ಬಂದು ಅಲ್ಲಿ ನೆಲೆನಿಂತವರು ಕೆಲವೇ ಸಾವಿರ. ಅವರ ಸಂತತಿಯಾದರೋ ಬಹು ವಿಸ್ತಾರವಾಯಿತು. 1634ರಲ್ಲಿ ಬಂದ ಝಕರಿ ಕ್ಲೂಟಿಯೇ ಎಂಬ ಬಡಗಿಗೆ ಅಕ್ಷರ ಬಾರದು. ಸಹಿಯ ಬದಲು ಕೊಡಲಿಯ ಗುರುತನ್ನು ಬರೆಯುತ್ತಿದ್ದನು. ಆತನ ವಂಶಸ್ಥರು 1800ರ ವೇಳೆಗೆ ಹತ್ತು ಸಾವಿರವನ್ನು ಮೀರಿದ್ದರೆಂದು ಮಾಂಟ್ರಿಯಲ್ ವಿಶ್ವವಿದ್ಯಾಲಯದ ಸಂಶೋಧಕರು ಲೆಕ್ಕಹಾಕಿದ್ದಾರೆ.

ಒಂದೇ ಹೆಸರಿನ ಮನೆಗಳು ಹೆಚ್ಚಿದಾಗ ಅವನ್ನು ಪ್ರತ್ಯೇಕಿಸಲು ಎರಡನೆಯ ಹೆಸರು ಬೇಕಾಯಿತು. ‘ಉದೋ ದಿ ಬೋಲಿಯೂ’ ಎಂದರೆ ಬೋಲಿಯೂ ಎಂದು ಕರೆಯಲ್ಪಡುವ ಉದೋ. ನಮ್ಮ ಕಾಗದಪತ್ರಗಳಲ್ಲಿ ಬರುವ ‘ಉರ್ಫ್’ ಎಂಬ ಮಾತನ್ನು ನೆನೆದರೆ ಈ ‘ದಿ’ ಶಬ್ದದ ಅರ್ಥ ಸುಲಭವಾಗಿ ಹೊಳೆಯುತ್ತದೆ. 1665ರಲ್ಲಿ ಬಂದ ಕಾರಿನ್ಯಾನ್-ಸಾಲಿಯೇರ್ ದಳದ ಸೈನಿಕರಲ್ಲಿ ಸುಮಾರು 400 ಮಂದಿ ಅಲ್ಲಿಯೇ ಉಳಿದರು. ದಂಡಿನಲ್ಲಿ ಪಡೆದ ಹೆಸರುಗಳೂ ಅವರೊಡನೆ ಉಳಿದವು: ಲಾಫ್ಲರ್ ಎಂದರೆ ಹೂವು, ಸಾನ್‌ಸೂಸಿ ಎಂದರೆ ಚಿಂತೆಯಿಲ್ಲದವನು. ಮುಂದೆ ಜೋಡಿಹೆಸರಿನಲ್ಲಿ ಒಂದನ್ನು ಬಿಡುವ ಕಾಲ ಬಂದಾಗ ಒಂದೇ ವಂಶದ ಒಂದು ಕವಲು ಮೊದಲನೆಯದನ್ನೂ ಮತ್ತೊಂದು ಎರಡನೆಯದನ್ನೂ ಇರಿಸಿಕೊಂಡಿತು. ರಕ್ತಸಂಬಂಧಿಗಳು ಹೆಸರಿನಿಂದ ಪರಕೀಯರಾದರು.

1840ರಿಂದ 1930ರವರೆಗೆ ಸುಮಾರು ಒಂಬತ್ತು ಲಕ್ಷ ಜನ ಅಮೆರಿಕದ ಸಂಯುಕ್ತ ಸಂಸ್ಥಾನಕ್ಕೆ ವಲಸೆ ಹೋದರು. ಅವರಲ್ಲಿ ಬಹಳ ಮಂದಿ ಈಶಾನ್ಯ ರಾಜ್ಯಗಳ ಬಟ್ಟೆಗಿರಣಿಗಳಲ್ಲಿ ಕೂಲಿಗೆ ನಿಂತರು. ಇಂಗ್ಲಿಷಿನ ಆ ನಾಡಿನಲ್ಲಿ ಬ್ವಾವೇರ್ ಎಂಬುದು ಗ್ರೀನ್‌ವುಡ್ ಆಯಿತು, ರ್ವಾ ಎಂಬುದು ಕಿಂಗ್ ಆಯಿತು. ಅರ್ಥ ಉಳಿಯಿತು, ಮನೆತನದ ಗುರುತು ಮರೆಯಾಯಿತು.

ಈ ಗೋಜಲನ್ನು ಬಿಡಿಸುವ ಸಾಧನ ಇಗರ್ಜಿಯ ದಾಖಲೆಪುಸ್ತಕ. ಪಾದ್ರಿಗಳು ದೀಕ್ಷಾಸ್ನಾನ, ವಿವಾಹ, ಶವಸಂಸ್ಕಾರಗಳನ್ನು ಬರೆದಿಟ್ಟ ಈ ದಾಖಲೆಗಳು 1621ರಿಂದ ದೊರೆಯುತ್ತವೆ. ಪ್ರಥಮ ವಿವಾಹದ ದಾಖಲೆಯಲ್ಲಿ ವಧೂವರರಿಬ್ಬರ ತಂದೆತಾಯಿಗಳ ಹೆಸರುಗಳನ್ನು ಬರೆಯುವುದು ವಾಡಿಕೆ. ತಾಯಿಯ ಹೆಸರು ಅವಳ ತವರುಮನೆತನದ್ದೇ. ಮದುವೆಯಾಗಿ ಮಕ್ಕಳನ್ನು ಹೆತ್ತು ಮುದುಕಿಯಾಗಿ ತೀರಿಕೊಂಡಾಗಲೂ ಆಕೆಯನ್ನು ಆ ಹೆಸರಿನಿಂದಲೇ ದಾಖಲಿಸುತ್ತಿದ್ದರು. ಗಂಡನನ್ನು ಒಂದು ಕಡೆ ಉದೋ ಎಂದೂ ಇನ್ನೊಂದು ಕಡೆ ಬೋಲಿಯೂ ಎಂದೂ ಬರೆದಿದ್ದರೂ, ಹೆಂಡತಿಯ ಹೆಸರು ಎರಡೂ ಕಡೆ ಒಂದೇ ಆಗಿದ್ದರೆ ದಂಪತಿಗಳು ಅವರೇ ಎಂದು ಊಹಿಸಲು ಬಲವಾದ ಆಧಾರ ದೊರೆತಂತಾಯಿತು. ಒಂದು ವಿವಾಹದಿಂದ ಹಿಂದಿನ ವಿವಾಹಕ್ಕೆ, ಮೆಟ್ಟಿಲು ಮೆಟ್ಟಿಲಾಗಿ ಏರಬಹುದು. ಸಿಪ್ರಿಯೆನ್ ಟಾಂಗೇ ಎಂಬ ಪಾದ್ರಿ ಇಂತಹ ದಾಖಲೆಗಳನ್ನು ಶೋಧಿಸಿ 1871ರಿಂದ 1890ರವರೆಗೆ ಏಳು ಸಂಪುಟಗಳ ವಂಶಕೋಶವನ್ನು ಪ್ರಕಟಿಸಿದನು.

ಲೋಕವ್ಯವಹಾರದಲ್ಲಿ ಗಂಡನ ಹೆಸರಿನಿಂದ ಹೆಂಡತಿಯನ್ನು ಕರೆಯುವ ರೂಢಿ ಅಲ್ಲಿಯೂ ಹಬ್ಬಿತ್ತು. 1981ರಿಂದ ಜಾರಿಗೆ ಬಂದ ಕಾನೂನು, ವಿವಾಹಾನಂತರವೂ ಪತಿಪತ್ನಿಯರಿಬ್ಬರೂ ತಮ್ಮ ತಮ್ಮ ಹೆಸರನ್ನೇ ಉಳಿಸಿಕೊಳ್ಳತಕ್ಕದ್ದೆಂದು ವಿಧಿಸಿತು. ಹಳೆಯ ದಾಖಲೆಪುಸ್ತಕಗಳು ಪಾಲಿಸಿದ್ದನ್ನೇ ಹೊಸ ಶಾಸನವೂ ಎತ್ತಿಹಿಡಿಯಿತೆನ್ನಬಹುದು.

ಗಿರಣಿಯೂರಿನಲ್ಲಿ ಹುಟ್ಟಿದ ಗ್ರೀನ್‌ವುಡ್ ಮನೆಯ ಮೊಮ್ಮಗನಿಗೆ ತನ್ನ ಅಡ್ಡಹೆಸರೊಂದೇ ಗೊತ್ತಿದ್ದರೆ ಅವನ ಶೋಧ ಆ ಊರಿನಲ್ಲಿಯೇ ನಿಂತುಬಿಡಬಹುದು. ಅಜ್ಜಿಯ ತವರಿನ ಹೆಸರು ಗೊತ್ತಿದ್ದರೆ ಹಿರಿಯರ ಹಳ್ಳಿಯ ಬಾಗಿಲು ತೆರೆದೀತು. ಪುರುಷನ ಹೆಸರಿನಿಂದ ವಂಶವನ್ನು ಕರೆಯುತ್ತೇವೆ, ಆದರೆ ಅದನ್ನು ಕಂಡುಕೊಳ್ಳಲು ಸ್ತ್ರೀಯ ಹೆಸರೇ ನೆರವಾಗುತ್ತದೆ. ಆದುದರಿಂದ ವಂಶದ ವಿಚಾರದಲ್ಲಿ ಆಸಕ್ತಿಯುಳ್ಳವರು ಮನೆಯ ಹಿರಿಯ ತಾಯಂದಿರು ಕಣ್ಣಮುಂದಿರುವಾಗಲೇ ಅವರ ತವರು ಯಾವುದು, ತಾಯಿ ಯಾರ ಮಗಳು, ಮದುವೆ ನಡೆದ ಊರು ಯಾವುದು ಎಂಬುದನ್ನು ಕೇಳಿ ಬರೆದಿಟ್ಟುಕೊಳ್ಳುವುದು ಲೇಸೆಂದು ನಾವು ಭಾವಿಸುತ್ತೇವೆ.