ರೊಟ್ಟಿಯ ರುಚಿ, ಡೋಣಿಯ ಮಣ್ಣು

ವಿಜಯಪುರಕ್ಕೆ ಬರುವ ಪ್ರವಾಸಿಗನ ದಿನಚರಿ ಬಹುಮಟ್ಟಿಗೆ ನಿಶ್ಚಿತವಾದುದು. ಬೆಳಿಗ್ಗೆ ಗೋಳಗುಮ್ಮಟ, ಅನಂತರ ಇಬ್ರಾಹಿಂ ರೋಜಾ, ಬಾರಾ ಕಮಾನು. ಮಧ್ಯಾಹ್ನ ಯಾವುದಾದರೊಂದು ಖಾನಾವಳಿಯಲ್ಲಿ ಜೋಳದ ರೊಟ್ಟಿಯ ಊಟ. ನಮ್ಮ ಮಲೆನಾಡಿನಿಂದ ಹೋದವರೂ ಇದಕ್ಕೆ ಹೊರತಲ್ಲ. ಊರಿಗೆ ಮರಳಿದ ಮೇಲೆ ಗುಮ್ಮಟದ ಪ್ರತಿಧ್ವನಿಯನ್ನು ಒಂದು ಮಾತಿನಲ್ಲಿ ಮುಗಿಸಿ, ರೊಟ್ಟಿ-ಎಣಗಾಯಿಯ ರುಚಿಯನ್ನು ಹತ್ತು ಮಾತುಗಳಲ್ಲಿ ವರ್ಣಿಸುವವರೇ ಹೆಚ್ಚು. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಗೋರಿಯ ಚರಿತ್ರೆಯನ್ನು ವಿವರಿಸಲು ಮಾರ್ಗದರ್ಶಿಗಳಿದ್ದಾರೆ, ಫಲಕಗಳಿವೆ, ಸಂರಕ್ಷಿಸಲು ಪುರಾತತ್ತ್ವ ಇಲಾಖೆಯಿದೆ. ತಟ್ಟೆಯಲ್ಲಿರುವ ರೊಟ್ಟಿಯ ಚರಿತ್ರೆಯನ್ನು ಹೇಳುವವರಿಲ್ಲ. ಅದನ್ನು ಸಂರಕ್ಷಿಸುವ ಹೊಣೆ ಯಾರದೂ ಅಲ್ಲ. ಗುಮ್ಮಟ ಇನ್ನೂ ಹಲವು ಶತಮಾನ ನಿಂತೀತು. ರೊಟ್ಟಿಯ ವಿಷಯದಲ್ಲಿ ಅಂತಹ ಭರವಸೆ ಕೊಡಲಾಗದು.

ಆ ಊಟವನ್ನೇ ಮೊದಲು ನೋಡೋಣ. ಹಂಚಿನಿಂದ ಇಳಿದ ಬಿಸಿ ರೊಟ್ಟಿ, ಇಲ್ಲವೆ ಒಣಗಿಸಿಟ್ಟ ಖಡಕ್ ರೊಟ್ಟಿ. ಚಳಿಗಾಲವಾದರೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ. ಪಕ್ಕಕ್ಕೆ ಎಣಗಾಯಿ, ಮಡಿಕೆ ಕಾಳು ಅಥವಾ ಹೆಸರುಕಾಳಿನ ಪಲ್ಲೆ, ಜುಣಕ, ಹುಳಿಯಾದ ಪುಂಡಿಪಲ್ಲೆ. ಶೇಂಗಾ, ಅಗಸೆ, ಗುರೆಳ್ಳು ಇವುಗಳ ಹಿಂಡಿ. ಅದರ ಮೇಲೆ ಕೆನೆಮೊಸರು. ಕುಡಿಯಲು ಮಜ್ಜಿಗೆ. ಮನೆಗಳಲ್ಲಾದರೆ ಜೋಳದ ನುಚ್ಚು, ಅಂಬಲಿ. ಈ ಪಟ್ಟಿಯಲ್ಲಿ ಒಂದು ಗುಣ ಎದ್ದುಕಾಣುತ್ತದೆ: ಮುಖ್ಯ ಪದಾರ್ಥಗಳಲ್ಲಿ ಬಹುಪಾಲು ಮಳೆಯಾಶ್ರಿತ ಹೊಲದಿಂದಲೇ ಬಂದಂಥವು. ಧಾನ್ಯ, ಕಾಳು, ಎಣ್ಣೆ ಹೊಲದವು. ಮೊಸರು ಕೂಡ ಜೋಳದ ಕಣಿಕೆ ತಿಂದ ಎಮ್ಮೆಯದು. ಒಂದು ಹೊಲದ ಸಮಗ್ರ ವ್ಯವಸ್ಥೆಯೇ ತಟ್ಟೆಯಲ್ಲಿ ಮರುಜೋಡಣೆಗೊಂಡಿರುತ್ತದೆ. ಆದುದರಿಂದ ಈ ಊಟವನ್ನು ಅರಿಯಬಯಸುವವನು ಖಾನಾವಳಿಯಿಂದ ಹೊರಬಿದ್ದು ಹೊಲಕ್ಕೆ ಹೋಗಬೇಕು.

ಹೊಲಕ್ಕೆ ಹೋಗುವ ದಾರಿ ದೂರವೇನಲ್ಲ. ವಿಜಯಪುರದಿಂದ ಬಬಲೇಶ್ವರದ ಕಡೆಗೆ ಹೊರಟರೆ ಸಾರವಾಡ ಸಿಗುತ್ತದೆ. ಡೋಣಿ ನದಿ ಹರಿಯುವ ಸೀಮೆಯಿದು. ಮಹಾರಾಷ್ಟ್ರದ ಜತ್ತ ತಾಲ್ಲೂಕಿನಲ್ಲಿ ಹುಟ್ಟಿ, ವಿಜಯಪುರ ಜಿಲ್ಲೆಯನ್ನು ಅಡ್ಡಹಾಯ್ದು ಕೃಷ್ಣೆಯನ್ನು ಸೇರುವ ಡೋಣಿಯ ನೀರು ಉಪ್ಪು, ಕುಡಿಯಲು ಬಾರದು. ಆದರೂ ಡೋಣಿಯ ಬಯಲು ಬೆಳೆದರೆ ಓಣಿಗಳು ಜೋಳದಿಂದ ತುಂಬುತ್ತವೆ ಎಂಬರ್ಥದ ಗಾದೆ ಆ ಸೀಮೆಯಲ್ಲಿ ಮನೆಮಾತು. ನಮ್ಮ ಮಲೆನಾಡಿನಲ್ಲಿ ನದಿಯನ್ನು ಅದರ ನೀರಿನಿಂದ ಅಳೆಯುತ್ತೇವೆ. ಡೋಣಿಯನ್ನು ಅಲ್ಲಿಯ ಜನ ಅದರ ಮಣ್ಣಿನಿಂದ ಅಳೆದರು.

ಆ ಮಣ್ಣು ಎರೆ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬೀಳುವ ನಾಡಿನಲ್ಲಿ, ಅದೂ ಹೆಚ್ಚಿನ ಪಾಲು ಸೆಪ್ಟೆಂಬರಿನ ಆಸುಪಾಸಿನಲ್ಲಿ ಸುರಿಯುವಲ್ಲಿ, ಎರೆಮಣ್ಣೇ ಜಲಾಶಯ. ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರಿಯುವ ಈ ಜೇಡಿ ನೆಲ ಮಳೆಗೆ ಉಬ್ಬಿ, ನೀರನ್ನು ತಿಂಗಳುಗಟ್ಟಲೆ ಹಿಡಿದಿಡುತ್ತದೆ. ಉತ್ತರಿ, ಹಸ್ತ ಮಳೆಗಳ ಹದದಲ್ಲಿ ಬಿತ್ತಿದ ಹಿಂಗಾರಿ ಜೋಳ ಮುಂದೆ ಒಂದು ಹನಿ ಮಳೆ ಬಾರದಿದ್ದರೂ ಮಣ್ಣಿನ ತೇವ ಹಾಗೂ ಚಳಿಗಾಲದ ಇಬ್ಬನಿಯ ಆಸರೆಯಲ್ಲಿ ಬೆಳೆದು, ಫೆಬ್ರವರಿ-ಮಾರ್ಚಿನಲ್ಲಿ ಕೊಯ್ಲಿಗೆ ಬರುತ್ತದೆ. ಒಣ ಹವೆಯಲ್ಲಿ ಮಾಗುವುದರಿಂದ ಕಾಳಿಗೆ ಬೂಷ್ಟು ಹತ್ತದು, ಮುತ್ತಿನಂತೆ ಬೆಳ್ಳಗಿರುತ್ತದೆ. ಮಳೆಯಲ್ಲೇ ಮಾಗುವ ಮುಂಗಾರಿ ಹೈಬ್ರಿಡ್ ಜೋಳಕ್ಕೆ ಈ ಭಾಗ್ಯವಿಲ್ಲ.

ಹಿಂಗಾರಿ ಜೋಳದಲ್ಲಿ ಹೆಸರಾದುದು ಮಾಲ್ದಂಡಿ. ಸೊಲ್ಲಾಪುರದ ಕಡೆಯ ಮೋಹೋಳದಲ್ಲಿ ನಾಟಿ ಜೋಳದಿಂದ ಆಯ್ದು ಎಂ 35-1 ಎಂದು ಗುರುತಿಸಿದ ತಳಿಯಿದು. ಭಾರತದ ಮೊದಲ ಹೈಬ್ರಿಡ್ ಜೋಳ ಸಿಎಸ್‌ಎಚ್-1 ಬಂದದ್ದು 1964ರಲ್ಲಿ. ಅದರ ಬಳಿಕ ಎಷ್ಟೋ ಹೊಸ ತಳಿಗಳು ಬಂದರೂ ರೊಟ್ಟಿಯ ವಿಷಯದಲ್ಲಿ ಗೃಹಿಣಿಯರ ತೀರ್ಪು ಮಾಲ್ದಂಡಿಯ ಪರವಾಗಿಯೇ ಉಳಿಯಿತು. ಕಾರಣ ‘ಜಿಗಿ’. ಗೋಧಿಯಲ್ಲಿರುವ ಅಂಟು ಜೋಳದಲ್ಲಿಲ್ಲ. ಕುದಿಯುವ ಎಸರಿನಲ್ಲಿ ಹಿಟ್ಟನ್ನು ನಾದಿ ಅದರೊಳಗಿನ ಪಿಷ್ಟ ಕೂಡಿಕೊಳ್ಳುವಂತೆ ಮಾಡಿದಾಗಲೇ ರೊಟ್ಟಿಯನ್ನು ಹರಿಯದಂತೆ ತೆಳ್ಳಗೆ ಬಡಿಯಬಹುದು. ಹಳೆಯ ಹಿಟ್ಟಿಗೆ, ಮಳೆಗೆ ಸಿಕ್ಕ ಕಾಳಿಗೆ ಜಿಗಿಯಿರದು, ಅಂಚು ಸೀಳುತ್ತದೆ. ಕೃಷಿ ವಿಜ್ಞಾನದ ವರದಿಗಳಲ್ಲಿ ಇಳುವರಿಗೆ ದೊರೆಯುವ ಸ್ಥಾನ ಈ ಜಿಗಿಗೆ ದೊರೆತಿದ್ದರೆ ಜೋಳದ ಭವಿಷ್ಯ ಬೇರೆಯಾಗುತ್ತಿತ್ತು.

ಹೊಲದಲ್ಲಿ ಜೋಳ ಒಂಟಿಯಾಗಿ ನಿಲ್ಲುತ್ತಿರಲಿಲ್ಲ. ನಡುನಡುವೆ ಅಕ್ಕಡಿ ಸಾಲುಗಳಲ್ಲಿ ಕಡಲೆ, ಕುಸುಬೆ, ಅಗಸೆ. ಅಂಚಿನ ಕುಸುಬೆಯ ಮುಳ್ಳು ದನಗಳನ್ನು ತಡೆಯುವ ಬೇಲಿಯೂ ಹೌದು, ಮನೆಗೆ ಎಣ್ಣೆಯೂ ಹೌದು, ಹಬ್ಬಕ್ಕೆ ಕುಸುಬೆ ಹಾಲಿನ ಹುಗ್ಗಿಯೂ ಹೌದು. ಬಿತ್ತದೆ ಬೆಳೆಯುವ ಪಲ್ಲೆಗಳು ಇನ್ನೊಂದು ಬಗೆ: ಹತ್ತರಕಿ, ಕಿರಕಸಾಲಿ. ಹತ್ತರಕಿಯನ್ನು ಬೇಯಿಸುವ ಗೋಜೂ ಇಲ್ಲ. ತೊಳೆದು, ಹಿಂಡಿ-ಮೊಸರಿನೊಡನೆ ಹಸಿಯಾಗಿಯೇ ರೊಟ್ಟಿಗೆ ನಂಚಿಕೊಳ್ಳುತ್ತಾರೆ. ಕಡಲೆಯ ಎಳೆ ಚಿಗುರು ಸ್ವತಃ ಆಮ್ಲವನ್ನು ಸ್ರವಿಸುವುದರಿಂದ ಅದರ ಪಲ್ಲೆಗೆ ಬೇರೆ ಹುಳಿ ಬೇಕಾಗದು. ಇಬ್ಬನಿಯ ರಾತ್ರಿ ಕಡಲೆ ಗಿಡಗಳ ಮೇಲೆ ಬಟ್ಟೆ ಹಾಸಿ, ಮುಂಜಾನೆ ಹಿಂಡಿ ಆ ಹುಳಿಯನ್ನು ಔಷಧಕ್ಕೆಂದು ಸಂಗ್ರಹಿಸುವ ಪದ್ಧತಿಯೂ ಇತ್ತು. ಬೇಲಿಯ ಬುಡದ ಒಂದೆಲಗವನ್ನು ತಂಬುಳಿಗೆ ಇಳಿಸುವ ನಮ್ಮ ಮಲೆನಾಡಿನ ಅಡುಗೆಮನೆಗೂ ಈ ಬಯಲಿನ ಅಡುಗೆಮನೆಗೂ ಇರುವ ನಂಟು ಇಲ್ಲಿ ಕಾಣುತ್ತದೆ. ಎರಡೂ ಕಡೆ ‘ಕಳೆ’ ಎಂಬ ಮಾತಿಗೆ ಪೇಟೆಯವರು ಕೊಡುವ ಅರ್ಥವಿರಲಿಲ್ಲ.

ಎಳ್ಳ ಅಮಾವಾಸ್ಯೆಯಂದು ಕುಟುಂಬಗಳು ಹೋಳಿಗೆ, ಕಡಬು, ಸಜ್ಜೆ ರೊಟ್ಟಿ, ಕಾಳುಪಲ್ಲೆಗಳ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ನಡೆದು, ಮೊದಲು ಭೂಮಿಗೆ ಚರಗ ಚೆಲ್ಲಿ ಅನಂತರವೇ ಉಣ್ಣುತ್ತವೆ. ತೆನೆ ಹಾಲುದುಂಬಿ ಗಟ್ಟಿಯಾಗುವ ಹೊತ್ತಿಗೆ ಸೀತನಿಯ ಕಾಲ. ಎಳೆ ತೆನೆಯನ್ನು ಕೆಂಡದಲ್ಲಿ ಸುಟ್ಟು, ಕಾಳು ಉದುರಿಸಿ, ಬೆಲ್ಲ-ಕೊಬ್ಬರಿಯೊಂದಿಗೋ ಹಿಂಡಿಯೊಂದಿಗೋ ಬಿಸಿಬಿಸಿಯಾಗಿ ತಿನ್ನುವುದು. ಸೀತನಿಯನ್ನು ಪೊಟ್ಟಣ ಕಟ್ಟಿ ಬೆಂಗಳೂರಿಗೆ ಕಳುಹಿಸಲಾಗದು. ಅದಕ್ಕಾಗಿ ಹೊಲಕ್ಕೇ ಹೋಗಬೇಕು, ಕೆಲವೇ ವಾರಗಳೊಳಗೆ ಹೋಗಬೇಕು. ಪ್ರವಾಸೋದ್ಯಮದ ಕರಪತ್ರಗಳಲ್ಲಿ ಮಾತ್ರ ಈ ಋತುವಿಗೆ ಜಾಗವಿಲ್ಲ.

ಉಳಿದ ಕಾಳು ಹಗೇವಿಗೆ ಹೋಗುತ್ತಿತ್ತು. ನೆಲದಡಿ ಕುಣಿ ತೋಡಿ, ಹುಲ್ಲು ಒತ್ತಿ, ಜೋಳ ತುಂಬಿ ಬಾಯಿ ಮುಚ್ಚಿದರೆ ಒಳಗಿನ ಗಾಳಿಯ ಆಮ್ಲಜನಕ ತೀರಿಹೋಗಿ ಹುಳು ಬದುಕದು. ಕಾಳು ವರ್ಷಗಟ್ಟಲೆ ಕೆಡದು. ತೆರೆದ ಹಗೇವಿಗೆ ಆತುರದಿಂದ ಇಳಿದ ಮನುಷ್ಯನೂ ಉಸಿರುಗಟ್ಟಿ ಸಾಯಬಹುದಾದುದರಿಂದ ಗಾಳಿಯಾಡಲು ಬಿಟ್ಟು, ದೀಪ ಇಳಿಸಿ ನೋಡುತ್ತಿದ್ದರು. 1876-78ರ ಮಹಾಕ್ಷಾಮದಲ್ಲಿ ಅಂದಿನ ಕಲಾದಗಿ ಜಿಲ್ಲೆಗೆ ಸೇರಿದ್ದ ಈ ಸೀಮೆ ಬಹಳವಾಗಿ ನರಳಿತು. ಬರವನ್ನು ಕಂಡ ನಾಡು ಒಂದು ವರ್ಷದ ಬೆಳೆಯನ್ನು ಮತ್ತೊಂದು ವರ್ಷಕ್ಕೆ ಕಾಯ್ದಿಡುವ ವಿದ್ಯೆಯನ್ನು ಬಲ್ಲದಾಗಿತ್ತು. 1930ರ ದಶಕದಲ್ಲಿ ದೇಶದ ಮೊದಲ ಒಣಬೇಸಾಯ ಸಂಶೋಧನಾ ಕೇಂದ್ರಗಳಲ್ಲೊಂದು ಇಲ್ಲಿಯೇ ಆರಂಭವಾದುದು ಆಕಸ್ಮಿಕವಲ್ಲ.

ಇಂದು ಈ ಬಯಲು ಬದಲಾಗುತ್ತಿದೆ. ಆಲಮಟ್ಟಿಯ ಹಿನ್ನೀರನ್ನು ಮೇಲಕ್ಕೆತ್ತುವ ಮುಳವಾಡ ಏತ ನೀರಾವರಿ, ಕೃಷ್ಣೆಯಿಂದ ನೀರೆತ್ತುವ ತುಬಚಿ-ಬಬಲೇಶ್ವರ ಏತ ನೀರಾವರಿ ಮೊದಲಾದ ಯೋಜನೆಗಳಿಂದ ಕೆರೆಗಳು ತುಂಬಿವೆ, ಕಾಲುವೆಗಳು ಹರಿದಿವೆ. ತಿಕೋಟಾದ ಸುತ್ತ ದ್ರಾಕ್ಷಿಯ ಪಡಕುಗಳೂ ಒಣದ್ರಾಕ್ಷಿಯ ಶೆಡ್ಡುಗಳೂ ಎದ್ದಿವೆ. ಕಬ್ಬು, ಗೋವಿನಜೋಳ, ತೊಗರಿ ಹಬ್ಬಿವೆ. ತಲೆಮಾರುಗಳಿಂದ ಕೊಡ ಹೊತ್ತು ಸವೆದ ಹೆಂಗಸರ ಊರಿಗೆ ನೀರು ಬಂದುದನ್ನು ದೂಷಿಸುವುದು ಹೃದಯಹೀನತೆ. ಸಾವಿರಾರು ಮಿಲಿಮೀಟರ್ ಮಳೆಯ ಕೆಳಗೆ ಕುಳಿತ ಮಲೆನಾಡಿಗರಿಗಂತೂ ಆ ಅಧಿಕಾರವಿಲ್ಲ. ನೀರು ಬಂದ ರೈತ ಕಬ್ಬು ನೆಟ್ಟರೆ, “ನೀನು ಜೋಳವನ್ನೇ ಬೆಳೆ, ನಾವು ಬಂದು ರುಚಿ ನೋಡುತ್ತೇವೆ” ಎನ್ನಲು ನಾವಾರು?

ಆದರೆ ಆತನ ಆಯ್ಕೆ ನಿಜಕ್ಕೂ ಸ್ವತಂತ್ರವೇ ಎಂದು ಕೇಳುವ ಅಧಿಕಾರ ಎಲ್ಲರಿಗೂ ಇದೆ. 2025-26ರ ಸಾಲಿಗೆ ಕೇಂದ್ರ ಸರಕಾರ ನಿಗದಿಪಡಿಸಿದ ಬೆಂಬಲ ಬೆಲೆ ಹೈಬ್ರಿಡ್ ಜೋಳಕ್ಕೆ ಕ್ವಿಂಟಲಿಗೆ 3,699 ರೂಪಾಯಿ, ಮಾಲ್ದಂಡಿಗೆ 3,749 ರೂಪಾಯಿ. ಇಳುವರಿಯಲ್ಲಿ ಹೈಬ್ರಿಡ್ಡಿಗಿಂತ ಬಹಳ ಹಿಂದಿರುವ, ಮಳೆಯನ್ನೇ ನಂಬಿದ, ರುಚಿಗೆ ಹೆಸರಾದ ತಳಿಗೆ ಸರಕಾರ ಕೊಟ್ಟ ಮನ್ನಣೆ ಐವತ್ತು ರೂಪಾಯಿ! ಹಿಂಗಾರಿ ಜೋಳವನ್ನು ಬೇರುಸಹಿತ ಕೈಯಿಂದಲೇ ಕೀಳಬೇಕು, ತೆನೆ ಮುರಿಯಬೇಕು, ಕಣಿಕೆ ಕಟ್ಟಿ ಬಣವೆ ಒಟ್ಟಬೇಕು. ಕೂಲಿಯಾಳು ಸಿಗದು, ಸಿಕ್ಕರೂ ಲೆಕ್ಕ ಕೂಡದು. ಹೊಲದಲ್ಲಿ ಎತ್ತುಗಳಿದ್ದ ಕಾಲದಲ್ಲಿ ಕಣಿಕೆಯ ಬೆಲೆಯೇ ಅರ್ಧ ಆದಾಯವೆನಿಸುತ್ತಿತ್ತು. ಖಿಲಾರಿ ಎತ್ತಿನ ಜಾಗಕ್ಕೆ ಟ್ರ್ಯಾಕ್ಟರು ಬಂದ ಮೇಲೆ ಆ ಆದಾಯವೂ ಕುಗ್ಗಿತು. ಇತ್ತ ಪಡಿತರದಲ್ಲಿ ಬಂದುದು ಮುಖ್ಯವಾಗಿ ಅಕ್ಕಿ. 2013ರಲ್ಲಿ ಆರಂಭವಾದ ಅನ್ನಭಾಗ್ಯ ಬಡವರ ಹಸಿವನ್ನು ನೀಗಿಸಿದ್ದು ನಿಜ. ಜೋಳದ ನಾಡಿನ ಒಲೆಯ ಮೇಲೆ ಅನ್ನದ ಪಾತ್ರೆಯನ್ನು ಗಟ್ಟಿಯಾಗಿ ಕೂರಿಸಿದ್ದೂ ನಿಜ.

ಮಣ್ಣೂ ಇದರ ಪರಿಣಾಮದಿಂದ ಹೊರಗುಳಿಯದು. ಬಸಿಗಾಲುವೆಯಿಲ್ಲದೆ ಎರೆಗೆ ಯಥೇಚ್ಛ ನೀರು ಹರಿಸಿದರೆ ಕೆಲವೇ ವರ್ಷಗಳಲ್ಲಿ ನೆಲ ಜವುಳಾಗಿ, ಉಪ್ಪು ಮೇಲೇರಿ ಸವುಳಾಗುತ್ತದೆ. ಕೃಷ್ಣಾ ಕಣಿವೆಯ ಹಳೆಯ ನೀರಾವರಿ ಪ್ರದೇಶಗಳು ಈ ಪಾಠವನ್ನು ಈಗಾಗಲೇ ಕಲಿಸಿವೆ. ಕಳೆನಾಶಕದ ಸಿಂಪರಣೆ ಬಂದಲ್ಲಿ ಹತ್ತರಕಿ ಮೊದಲು ಸಾಯುತ್ತದೆ. ಡೋಣಿಯ ಪಾತ್ರದಲ್ಲಿ ಹೂಳು ತುಂಬಿ, ಬಳ್ಳಾರಿ ಜಾಲಿ ಬೆಳೆದು, ದೊಡ್ಡ ಮಳೆ ಬಂದಾಗ ನದಿ ಹೊಲಗಳ ಮೇಲೆಯೇ ಹರಿಯುತ್ತದೆ. ಹೂಳೆತ್ತುವ ಬೇಡಿಕೆ ನ್ಯಾಯವಾದುದೇ. ಆದರೆ ಜಲಾನಯನದ ಬದುಗಳನ್ನು ಭದ್ರಪಡಿಸದೆ ಪಾತ್ರವನ್ನು ಮಾತ್ರ ಬಗೆದರೆ ಕೆಲವು ಮಳೆಗಾಲಗಳಲ್ಲಿ ಹೂಳು ಮರಳಿ ಬರುತ್ತದೆ, ಲಾಭವಾಗುವುದು ಗುತ್ತಿಗೆದಾರರಿಗೆ.

2023ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಮೇಳಗಳು ನಡೆದವು, ಮಹಾನಗರಗಳ ಅಂಗಡಿಗಳಲ್ಲಿ ಜೋಳದ ಬಿಸ್ಕತ್ತು, ಜೋಳದ ಪಾಸ್ತಾ ಬಂದವು. ಧಾನ್ಯ ಪ್ರತಿಷ್ಠೆಯ ವಸ್ತುವಾಯಿತು. ಅದನ್ನು ಬೆಳೆಯುವ ಹೊಲ ಆಗಲಿಲ್ಲ. ಈ ಮರೆವಿನಲ್ಲಿ ನಾವೂ ಪಾಲುದಾರರು. ಹೊಳೆಯಂಚಿನ ಅಪ್ಪೆಮಿಡಿಗೆ 2009ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆ ದೊರೆಯಿತೆಂದು ಹಿಗ್ಗಿದೆವು. ಆದರೆ ಹೊಳೆದಂಡೆಯ ಮರಗಳು ಅಣೆಕಟ್ಟುಗಳಿಗೆ ಮುಳುಗುವುದೂ ಮಿಡಿಗಾಗಿ ಕೊಂಬೆಗಳನ್ನೇ ಕಡಿಯುವುದೂ ನಿಲ್ಲಲಿಲ್ಲ. ಗದ್ದೆಗಳನ್ನು ಅಡಿಕೆತೋಟ ಮಾಡಿ, ಅಕ್ಕಿಯನ್ನು ಪೇಟೆಯಿಂದ ತರುವ ನಾವು ಬಯಲಿನವರಿಗೆ ಉಪದೇಶಿಸುವ ಮೊದಲು ನಮ್ಮ ಅಂಗಳವನ್ನು ನೋಡಿಕೊಳ್ಳಬೇಕು.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ, ಹಿಂಗಾರಿ ಮಾಲ್ದಂಡಿಯ ಬೆಂಬಲ ಬೆಲೆಯನ್ನು ಅದರ ಇಳುವರಿ ಮತ್ತು ಕೂಲಿಯ ಲೆಕ್ಕದಲ್ಲಿ ಪ್ರತ್ಯೇಕವಾಗಿ ನಿಗದಿಪಡಿಸಬೇಕು. ಎರಡನೆಯದಾಗಿ, ಜಿಲ್ಲೆಯಲ್ಲಿ ಬೆಳೆದ ಜೋಳವನ್ನು ಸುಗ್ಗಿಯಲ್ಲೇ ಖರೀದಿಸಿ ಅದೇ ಜಿಲ್ಲೆಯ ಪಡಿತರ, ಅಂಗನವಾಡಿ, ವಸತಿನಿಲಯಗಳಿಗೆ ವರ್ಷವಿಡೀ ತಪ್ಪದೆ ಕೊಡಬೇಕು. ಒಂದು ವರ್ಷ ಕೊಟ್ಟು ಮರುವರ್ಷ ಮರೆಯುವ ಪರಿಪಾಠ ಸಲ್ಲದು. ಮೂರನೆಯದಾಗಿ, ನೀರಾವರಿ ಯೋಜನೆಗಳ ಜೊತೆಯಲ್ಲೇ ಬಸಿಗಾಲುವೆಯೂ ಬರಬೇಕು. ಬರದ ವರ್ಷ ಜೋಳಕ್ಕೆ ಒಂದೆರಡು ಆಸರೆಯ ನೀರು ಕೊಡುವುದು ಕಬ್ಬಿಗೆ ವರ್ಷಪೂರ್ತಿ ಹರಿಸುವುದಕ್ಕಿಂತ ಹೆಚ್ಚು ಮನೆಗಳನ್ನು ಉಳಿಸುತ್ತದೆಂಬುದನ್ನು ಯೋಜಕರು ಮನಗಾಣಬೇಕು.

ಉಳಿದುದು ಪ್ರವಾಸಿಗನ ಪಾಲಿನ ಕೆಲಸ. ಗುಮ್ಮಟ ನೋಡಲು ಹೋಗುವವರು ಪುಷ್ಯ-ಮಾಘದಲ್ಲಿ ಹೋಗಲಿ. ಖಾನಾವಳಿಯಲ್ಲಿ, “ಈ ಜೋಳ ಯಾವ ಊರಿನದು, ಯಾವ ತಳಿ?” ಎಂದು ಕೇಳಲಿ, ಹತ್ತು ಜನ ಕೇಳಿದರೆ ಹನ್ನೊಂದನೆಯವನಿಗೆ ಉತ್ತರ ಸಿದ್ಧವಿರುತ್ತದೆ. ರೊಟ್ಟಿ ಬಡಿಯುವ ಅಕ್ಕಂದಿರಿಗೆ ಸಲ್ಲುವ ಕೂಲಿಯ ಮಾತನ್ನೂ ಆಡಲಿ. ಮರಳುವಾಗ ಒಣದ್ರಾಕ್ಷಿಯ ಜೊತೆಗೆ ಹತ್ತು ಕಿಲೋ ಮಾಲ್ದಂಡಿಯನ್ನು ರೈತನಿಂದಲೇ ಕೊಳ್ಳಲಿ. ಇಡೀ ಕಾಳು ಕೆಡದು, ಬೇಕಾದಾಗ ಬೀಸಿಸಿಕೊಳ್ಳಬಹುದು. ನಮ್ಮ ಬಳಗದ ಮನೆಗಳು ವರ್ಷಕ್ಕೊಮ್ಮೆ ಒಟ್ಟಾಗಿ ಇಂತಹ ಖರೀದಿಗೆ ಮುಂದಾದರೆ ಬಯಲಿನ ಕೆಲವು ಎಕರೆಗಳಾದರೂ ಜೋಳಕ್ಕೆ ಉಳಿದಾವು. ಈ ಸುಗ್ಗಿಗೇ ಅದನ್ನು ಆರಂಭಿಸಬಹುದೇ ಎಂದು ಓದುಗರು ಯೋಚಿಸಿ ಬರೆಯಬೇಕೆಂದು ಕೋರಿಕೆ.